ತಂತ್ರಾಂಶಗಳು ಒಂದರೊಡನೊಂದು ಮಾತನಾಡಬೇಕೆ? ದೊಡ್ಡ ಗ್ರಾಹಕರು ಕೇಳಿ ಪಡೆಯಬೇಕಾದದ್ದು

ಮಾರಾಟ ವಿಭಾಗದ ತಂತ್ರಾಂಶ ಒಂದು ಕಂಪನಿಯದು, ಲೆಕ್ಕಪತ್ರದ್ದು ಇನ್ನೊಂದರದು, ಗೋದಾಮಿನದು ಮತ್ತೊಂದರದು. ಕೊಳ್ಳುವಾಗ ಮೂವರೂ ‘ಇದು ಎಲ್ಲದರ ಜೊತೆಗೂ ಹೊಂದಿಕೊಳ್ಳುತ್ತದೆ’ ಎಂದೇ ಹೇಳಿರುತ್ತಾರೆ. ಕೆಲವು ತಿಂಗಳ ನಂತರ ನೋಡಿದರೆ ಯಾರೋ ಒಬ್ಬ ನೌಕರ ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಒಂದರಲ್ಲಿ ಇರುವುದನ್ನು ಇನ್ನೊಂದಕ್ಕೆ ಟೈಪ್ ಮಾಡುತ್ತಿರುತ್ತಾನೆ. ಅವನ ಸಂಬಳವನ್ನು ಯಾರೂ ತಂತ್ರಾಂಶದ ಖರ್ಚಿಗೆ ಸೇರಿಸುವುದಿಲ್ಲ. ಅದಕ್ಕೇ ಈ ನಷ್ಟ ಯಾವ ಬಜೆಟ್ಟಿನಲ್ಲೂ ಕಾಣಿಸುವುದಿಲ್ಲ.

ಕಾಣಿಸುವಂತೆ ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆಯಾದ ನಿಸ್ಟ್ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ದೊಡ್ಡ ಕಟ್ಟಡ ಮತ್ತು ಸ್ಥಾವರಗಳ ಕ್ಷೇತ್ರವೊಂದರಲ್ಲೇ ತಂತ್ರಾಂಶಗಳ ನಡುವೆ ಹೊಂದಾಣಿಕೆ ಇಲ್ಲದ್ದರಿಂದ 2002ರಲ್ಲಿ ಆದ ನಷ್ಟ 1,580 ಕೋಟಿ ಡಾಲರ್. ಅದರಲ್ಲಿ ಸುಮಾರು ಮೂರನೇ ಎರಡು ಭಾಗ, ಅಂದರೆ 1,060 ಕೋಟಿ ಡಾಲರ್, ಬಿದ್ದದ್ದು ಕಟ್ಟಡಗಳ ಮಾಲೀಕರು ಮತ್ತು ನಿರ್ವಾಹಕರ ತಲೆಯ ಮೇಲೆ. ತಂತ್ರಾಂಶ ಬರೆದವರಿಗಿಂತ, ನಕ್ಷೆ ಬಿಡಿಸಿದವರಿಗಿಂತ ಹೆಚ್ಚು ತೆತ್ತವನು ಕೊನೆಯ ಗ್ರಾಹಕ. ಆದ್ದರಿಂದ ಈ ವಿಷಯದಲ್ಲಿ ಒತ್ತಾಯ ಹೇರಬೇಕಾದವನೂ ಅವನೇ.

ಒತ್ತಾಯ ಹೇರುವುದು ಹೇಗೆ ಎಂಬುದಕ್ಕೆ ಈ ಮಾರ್ಗದರ್ಶಿ. ದೊಡ್ಡ ಸಂಸ್ಥೆಗಳಲ್ಲಿ ಮಾಹಿತಿ ತಂತ್ರಜ್ಞಾನ ವಿಭಾಗ ನೋಡಿಕೊಳ್ಳುವವರು, ಖರೀದಿ ಅಧಿಕಾರಿಗಳು, ಟೆಂಡರಿನ ತಾಂತ್ರಿಕ ಷರತ್ತುಗಳನ್ನು ಬರೆಯುವವರು ಇದರ ಓದುಗರು ಎಂದುಕೊಂಡಿದ್ದೇನೆ.

ಹಂತ 1: ನಿಮ್ಮ ಮಾಹಿತಿ ಎಲ್ಲೆಲ್ಲಿ ಓಡಾಡುತ್ತದೆ ಎಂದು ಮೊದಲು ನೋಡಿ

ಮಾನದಂಡಗಳ, ಅಂದರೆ ಮಾಹಿತಿ ಯಾವ ರೂಪದಲ್ಲಿ ದಾಟಬೇಕೆಂದು ಎಲ್ಲರೂ ಒಪ್ಪಿ ಬರೆದ ನಿಯಮಗಳ, ಪಟ್ಟಿ ಹಿಡಿದು ಕೂರುವ ಮುಂಚೆ ಒಂದೇ ಒಂದು ಆರ್ಡರ್ ಆರಿಸಿಕೊಳ್ಳಿ. ಅದು ಸಂಸ್ಥೆಗೆ ಬಂದ ಕ್ಷಣದಿಂದ ಹಣ ಜಮೆಯಾಗುವವರೆಗೆ ಅದರ ಹಿಂದೆಯೇ ಹೋಗಿ. ಎಷ್ಟು ತಂತ್ರಾಂಶಗಳನ್ನು ದಾಟಿತು? ಪ್ರತಿ ದಾಟಿನಲ್ಲೂ ಮಾಹಿತಿ ಹೇಗೆ ಹೋಯಿತು: ತಾನಾಗಿ ಹೋಯಿತೋ, ರಾತ್ರಿ ತಯಾರಾಗುವ ಕಡತದ ಮೂಲಕವೋ, ಇಮೇಲ್‌ಗೆ ಲಗತ್ತಿಸಿದ ಎಕ್ಸೆಲ್ ಹಾಳೆಯಲ್ಲೋ, ಅಥವಾ ಯಾರದೋ ಕೈಬೆರಳುಗಳ ಮೂಲಕವೋ? ವಿಭಾಗದ ಮುಖ್ಯಸ್ಥರನ್ನು ಕೇಳಿದರೆ ‘ಎಲ್ಲ ಆಟೊಮ್ಯಾಟಿಕ್’ ಎನ್ನುತ್ತಾರೆ. ಅವರನ್ನು ಬಿಟ್ಟು ಕೆಲಸ ಮಾಡುವವರ ಪಕ್ಕದಲ್ಲಿ ಕುಳಿತು ನೋಡಿ. ಎಕ್ಸೆಲ್ ಕಡತಗಳು ಸಿಗುವುದು ಅಲ್ಲಿ.

ಪ್ರತಿ ದಾಟಿಗೂ ಐದು ವಿಷಯ ಬರೆದುಕೊಳ್ಳಿ: ಯಾವುದರಿಂದ ಯಾವುದಕ್ಕೆ, ಯಾವ ಮಾಹಿತಿ, ಎಷ್ಟು ಸಲ, ತಪ್ಪಾದರೆ ಯಾರಿಗೆ ಗೊತ್ತಾಗುತ್ತದೆ, ಸರಿಪಡಿಸುವವರು ಯಾರು. ನಾಲ್ಕನೆಯದಕ್ಕೆ ‘ಗ್ರಾಹಕ ಫೋನ್ ಮಾಡಿದಾಗ’ ಎಂಬ ಉತ್ತರ ಬಂದರೆ ಆ ದಾಟಿಗೆ ಕೆಂಪು ಗುರುತು ಹಾಕಿ. ಮೊದಲು ಸರಿಪಡಿಸಬೇಕಾದದ್ದು ಅದನ್ನು.

ಇದರ ಜೊತೆಗೇ ತೀರ್ಮಾನವಾಗಬೇಕಾದ, ಆದರೆ ಯಾರಿಗೂ ಇಷ್ಟವಿಲ್ಲದ ಪ್ರಶ್ನೆ ಒಂದಿದೆ. ಗ್ರಾಹಕನ ವಿಳಾಸ ನಾಲ್ಕು ಕಡೆ ಇದೆ. ನಾಲ್ಕೂ ಬೇರೆ ಬೇರೆ ಇದ್ದರೆ ಯಾವುದನ್ನು ನಂಬಬೇಕು? ಪ್ರತಿ ಮುಖ್ಯ ಮಾಹಿತಿಗೂ ಒಂದು ತಂತ್ರಾಂಶ ಮೂಲ, ಉಳಿದವು ಅದರ ನಕಲು ಎಂದು ವಿಭಾಗಗಳು ಒಪ್ಪಿ ಬರೆದಿಡಬೇಕು. ಈ ಜಗಳ ಮನೆಯೊಳಗೇ ಮುಗಿಯದಿದ್ದರೆ, ಹೊರಗಿನ ಮಾರಾಟಗಾರ ತನ್ನ ಅನುಕೂಲಕ್ಕೆ ತಕ್ಕಂತೆ ಮುಗಿಸುತ್ತಾನೆ.

ಹಂತ 2: ತೊಡಕು ಯಾವ ಪದರದಲ್ಲಿದೆ ಎಂದು ಗುರುತಿಸಿ

ಯುರೋಪಿಯನ್ ಒಕ್ಕೂಟದ ಪರಸ್ಪರ ಹೊಂದಾಣಿಕೆಯ ಚೌಕಟ್ಟು ಈ ಸಮಸ್ಯೆಯನ್ನು ನಾಲ್ಕು ಪದರಗಳಾಗಿ ನೋಡುತ್ತದೆ: ಕಾನೂನು, ಸಂಸ್ಥೆಯ ಕಾರ್ಯವಿಧಾನ, ಅರ್ಥ ಮತ್ತು ತಂತ್ರಜ್ಞಾನ. ಈ ವಿಂಗಡಣೆ ಬಹಳ ಉಪಯುಕ್ತ. ಏಕೆಂದರೆ ಮಾರಾಟಗಾರರು ಮಾತನಾಡುವುದೆಲ್ಲ ಕೊನೆಯ ಪದರದ ಬಗ್ಗೆ: ನಮ್ಮಲ್ಲಿ ಎಪಿಐ (ಇನ್ನೊಂದು ತಂತ್ರಾಂಶ ಬಂದು ಮಾಹಿತಿ ಕೇಳುವ, ಕೊಡುವ ಬಾಗಿಲು) ಇದೆ, ಎಕ್ಸ್‌ಎಂಎಲ್ ಇದೆ, ಜೇಸನ್ (ಎರಡೂ ಮಾಹಿತಿ ಬರೆದು ಕಳಿಸುವ ರೂಪಗಳು) ಇದೆ. ಇವತ್ತಿನ ದಿನ ಆ ಪದರದಲ್ಲಿ ನಿಜವಾದ ಕಷ್ಟ ಕಡಿಮೆ. ಹಣ ಕರಗುವುದು ಅರ್ಥದ ಪದರದಲ್ಲಿ.

ಮಾರಾಟ ವಿಭಾಗಕ್ಕೆ ‘ಗ್ರಾಹಕ’ ಎಂದರೆ ವಿಚಾರಿಸಿದ ಪ್ರತಿಯೊಬ್ಬರೂ. ಲೆಕ್ಕಪತ್ರಕ್ಕೆ ಬಿಲ್ ಪಡೆದವರು ಮಾತ್ರ. ಸೇವಾ ವಿಭಾಗಕ್ಕೆ ಯಂತ್ರ ಯಾರ ಬಳಿ ಇದೆಯೋ ಅವರು. ಮೂರೂ ತಂತ್ರಾಂಶಗಳು ಒಂದೇ ಎಪಿಐ ಮೂಲಕ, ಒಂದೇ ಜೇಸನ್‌ನಲ್ಲಿ, ಒಂದೂ ದೋಷ ಸಂದೇಶ ಬರದಂತೆ ಗ್ರಾಹಕರ ಪಟ್ಟಿ ಹಂಚಿಕೊಳ್ಳುತ್ತವೆ. ವರದಿಯಲ್ಲಿ ಮಾತ್ರ ಮೂರು ಸಂಖ್ಯೆ.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳದ ಬಳಿ ನಾಶವಾದ ಕಥೆ ಎಲ್ಲರಿಗೂ ಗೊತ್ತು. ಭೂಮಿಯ ಮೇಲಿದ್ದ ಒಂದು ತಂತ್ರಾಂಶ ಬಲದ ಲೆಕ್ಕವನ್ನು ಪೌಂಡ್‌ಗಳಲ್ಲಿ ಕೊಡುತ್ತಿತ್ತು, ಅದನ್ನು ಬಳಸಿದ ಇನ್ನೊಂದು ನ್ಯೂಟನ್ ಎಂದು ಓದಿಕೊಳ್ಳುತ್ತಿತ್ತು. ಆದರೆ ಆ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ನಮಗೆ ಮುಖ್ಯ. ಎರಡು ತಂತ್ರಾಂಶಗಳ ನಡುವಿನ ಕಡತ ಹೇಗಿರಬೇಕೆಂಬ ವಿವರಣೆ ಬರಹದಲ್ಲಿತ್ತು, ಮೆಟ್ರಿಕ್ ಮಾನವನ್ನೇ ಬಳಸಬೇಕೆಂದೂ ಅದರಲ್ಲಿತ್ತು. ಮಾನದಂಡ ಇತ್ತು. ಅದನ್ನು ಪಾಲಿಸಲಾಗಿದೆಯೇ ಎಂದು ಕೊನೆಯಿಂದ ಕೊನೆಯವರೆಗೆ ಪರೀಕ್ಷಿಸಿದ್ದಿಲ್ಲ.

ಹಂತ 3: ಈಗಾಗಲೇ ಬದುಕಿರುವ ಮಾನದಂಡ ಆರಿಸಿ

ಗ್ರಾಹಕರ ಒತ್ತಾಯಕ್ಕೆ ಬಲವಿದೆ, ಆದರೆ ಅದು ತಪ್ಪು ದಿಕ್ಕಿನಲ್ಲೂ ಹೋಗಬಹುದು. ಅಮೆರಿಕದ ಕೇಂದ್ರ ಸರ್ಕಾರಕ್ಕಿಂತ ದೊಡ್ಡ ಗ್ರಾಹಕ ಸಿಗುವುದು ಕಷ್ಟ. ಅದು 1990ರ ಆಗಸ್ಟಿನಿಂದ ಗಾಸಿಪ್ ಎಂಬ ಹೆಸರಿನ ನಿಯಮದಡಿ, ತನ್ನ ಇಲಾಖೆಗಳು ಕೊಳ್ಳುವ ಜಾಲ ಸಲಕರಣೆಗಳು ಓಎಸ್‌ಐ ಎಂಬ ಜಾಲ ಸಂಪರ್ಕದ ಮಾನದಂಡಗಳಿಗೆ ಹೊಂದಬೇಕೆಂದು ಕಡ್ಡಾಯ ಮಾಡಿತು. ಓಎಸ್‌ಐ ಕಾಗದದ ಮೇಲೆ ಸೊಗಸಾಗಿತ್ತು. ನಡೆಯುವ ಉತ್ಪನ್ನಗಳು ಮಾತ್ರ ಇಂದಿನ ಇಂಟರ್‌ನೆಟ್‌ಗೆ ಆಧಾರವಾದ ಟಿಸಿಪಿ/ಐಪಿಯವು. 1995ರ ಹೊತ್ತಿಗೆ ಕಡ್ಡಾಯವನ್ನು ಕೈಬಿಡಬೇಕಾಯಿತು.

ಜನರಲ್ ಮೋಟಾರ್ಸ್‌ನ ಅನುಭವ ಇನ್ನೂ ಕುತೂಹಲಕರ. 1980ರ ದಶಕದಲ್ಲಿ ಕಾರ್ಖಾನೆಯ ರೋಬೊಟ್‌ಗಳು, ನಿಯಂತ್ರಕಗಳು ಒಂದಕ್ಕೊಂದು ಮಾತನಾಡುತ್ತಿಲ್ಲವೆಂದು ಬೇಸತ್ತು, ಮ್ಯಾಪ್ ಎಂಬ ತನ್ನದೇ ಜಾಲ ಮಾನದಂಡವನ್ನು ಮುಂದಿಟ್ಟು ಪೂರೈಕೆದಾರರ ಮೇಲೆ ಒತ್ತಡ ಹಾಕಿತು. ಅದು ಆಧಾರವಾಗಿಟ್ಟುಕೊಂಡ ಟೋಕನ್ ಬಸ್ ಎಂಬ ಜಾಲ ವಿಧಾನ ಈಥರ್‌ನೆಟ್ ಎಂಬ ಇನ್ನೊಂದು ವಿಧಾನದ ಎದುರು ನಿಲ್ಲಲಿಲ್ಲ. ಆದರೆ ಮ್ಯಾಪ್‌ನೊಳಗಿದ್ದ ಎಂಎಂಎಸ್ ಎಂಬ ಸಂದೇಶ ಮಾನದಂಡ, ಅಂದರೆ ಯಂತ್ರಕ್ಕೆ ಏನು ಕೇಳಬೇಕು, ಅದು ಏನು ಉತ್ತರಿಸಬೇಕು ಎಂಬ ಭಾಗ, ಐಎಸ್‌ಒ 9506 ಆಗಿ ಉಳಿಯಿತು. ವಿದ್ಯುತ್ ಉಪಕೇಂದ್ರಗಳ ಐಇಸಿ 61850 ಮಾನದಂಡ ಇಂದಿಗೂ ಅದನ್ನು ಬಳಸುತ್ತದೆ. ತಂತಿ ಬದಲಾಗುತ್ತದೆ, ಅರ್ಥ ಬಾಳುತ್ತದೆ. ನಿಮ್ಮ ಶಕ್ತಿಯನ್ನು ಎಲ್ಲಿ ಹೂಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಸಂಬಂಧವಿಲ್ಲದ ಎರಡು ಕಂಪನಿಗಳು ಇದನ್ನು ಬೇರೆ ಬೇರೆಯಾಗಿ ಅಳವಡಿಸಿ, ಅವು ಒಂದರೊಡನೊಂದು ಕೆಲಸ ಮಾಡುತ್ತಿವೆಯೇ? ಇಂಟರ್‌ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ತನ್ನ 1996ರ ಕಾರ್ಯವಿಧಾನದಲ್ಲಿ, ಒಂದು ಪ್ರಸ್ತಾವ ಮುಂದಿನ ಹಂತಕ್ಕೇರಲು ಇದೇ ಷರತ್ತನ್ನು ಇಟ್ಟಿತ್ತು. ಎರಡನೆಯದು: ದಾಖಲೆ ಯಾರಿಗೆ ಬೇಕಾದರೂ ಸಿಗುತ್ತದೆಯೇ, ಅಳವಡಿಸಲು ಪೇಟೆಂಟ್ ಶುಲ್ಕ ಕೊಡಬೇಕೇ? ಮೂರನೆಯದು: ಅದರ ಮೇಲ್ವಿಚಾರಣೆ ಒಂದೇ ಕಂಪನಿಯ ಕೈಯಲ್ಲಿದೆಯೇ? ಒಂದೇ ಕೈಯಲ್ಲಿದ್ದರೆ ಹೆಸರು ಏನೇ ಇರಲಿ, ಅದು ಆ ಕಂಪನಿಯ ಉತ್ಪನ್ನ.

ಸಾಮಾನ್ಯ ಅಗತ್ಯಗಳಿಗೆ ತಲೆ ಕೆಡಿಸಿಕೊಳ್ಳದೆ ಕೇಳಬಹುದಾದವು ಇವು:

- ಒಂದೇ ಲಾಗಿನ್‌ನಲ್ಲಿ ಎಲ್ಲ ತಂತ್ರಾಂಶ ಬಳಸಲು ಎಸ್‌ಎಎಂಎಲ್ 2.0 ಅಥವಾ ಓಪನ್‌ಐಡಿ ಕನೆಕ್ಟ್
- ನೌಕರ ಸೇರಿದಾಗ ಖಾತೆ ತೆರೆಯಲು, ಬಿಟ್ಟಾಗ ಮುಚ್ಚಲು ಸ್ಕಿಮ್ 2.0
- ದಿನಾಂಕ ಮತ್ತು ಸಮಯಕ್ಕೆ ಐಎಸ್‌ಒ 8601, ಹಣದ ಸಂಕೇತಕ್ಕೆ ಐಎಸ್‌ಒ 4217, ಪಠ್ಯಕ್ಕೆ ಯುನಿಕೋಡ್‌ನ ಯುಟಿಎಫ್-8
- ಎಪಿಐ ವಿವರಣೆಗೆ ಓಪನ್‌ಎಪಿಐ
- ಸರಕಿನ ಗುರುತಿಗೆ ಜಿಟಿಐಎನ್. ಆರ್ಡರ್, ಇನ್‌ವಾಯ್ಸ್‌ಗಳಿಗೆ ಯುಬಿಎಲ್ ಅಥವಾ ನಿಮ್ಮ ಕ್ಷೇತ್ರದಲ್ಲಿ ಈಗಾಗಲೇ ನಡೆಯುತ್ತಿರುವ ಇಡಿಐ (ವ್ಯಾಪಾರ ದಾಖಲೆಗಳ ವಿದ್ಯುನ್ಮಾನ ವಿನಿಮಯ)
- ಆರೋಗ್ಯ ದಾಖಲೆಗೆ ಎಚ್‌ಎಲ್7 ಸಂಸ್ಥೆಯ ಫೈರ್, ಕಟ್ಟಡದ ಮಾದರಿಗೆ ಐಎಫ್‌ಸಿ, ಯಂತ್ರಭಾಗದ ಮಾದರಿಗೆ ಸ್ಟೆಪ್

ಪಟ್ಟಿ ಇಷ್ಟು ಸಾಕು. ಹೆಸರುಗಳಿಗಿಂತ ಮುಖ್ಯವಾದದ್ದು ಆವೃತ್ತಿ ಮತ್ತು ಉಪವರ್ಗ, ಅಂದರೆ ಮಾನದಂಡದ ಯಾವ ಯಾವ ಭಾಗಗಳನ್ನು ಬಳಸುತ್ತೀರಿ ಎಂಬುದು. ಬಹುತೇಕ ಮಾನದಂಡಗಳಲ್ಲಿ ‘ಇದನ್ನು ಬಿಡಬಹುದು’ ಎಂಬ ಐಚ್ಛಿಕ ಭಾಗಗಳಿರುತ್ತವೆ. ಇಬ್ಬರು ಬೇರೆ ಬೇರೆ ಭಾಗಗಳನ್ನು ಬಿಟ್ಟರೆ, ಇಬ್ಬರೂ ಮಾನದಂಡ ಪಾಲಿಸಿದಂತೆಯೇ, ಸಂದೇಶ ಮಾತ್ರ ದಾಟುವುದಿಲ್ಲ. ಆಸ್ಪತ್ರೆಗಳಲ್ಲಿ ವ್ಯಾಪಕವಾಗಿರುವ ಎಚ್‌ಎಲ್7 ಎರಡನೇ ಆವೃತ್ತಿ ಎಂಬ ಸಂದೇಶ ಮಾನದಂಡದಲ್ಲಿ ಝಡ್ ಅಕ್ಷರದಿಂದ ಆರಂಭವಾಗುವ ವಿಭಾಗಗಳನ್ನು ಯಾರು ಬೇಕಾದರೂ ಸೇರಿಸಿಕೊಳ್ಳಬಹುದು. ಹಾಗೆ ಸೇರಿಸಿ ಸೇರಿಸಿ, ಎರಡು ಆಸ್ಪತ್ರೆಗಳ ‘ಮಾನದಂಡದ’ ಸಂದೇಶಗಳ ನಡುವೆಯೂ ಒಬ್ಬ ದುಭಾಷಿ ತಂತ್ರಾಂಶ ಬೇಕಾಗುವ ಸ್ಥಿತಿ ಬಂತು. ಹೀಗೆ ಸೇರಿಸಲು ಹೇಳಿದವರು ಬಹಳ ಸಲ ಗ್ರಾಹಕರೇ ಆಗಿರುತ್ತಾರೆ. ‘ನಮ್ಮ ಕಾರ್ಯವಿಧಾನವೇ ಬೇರೆ’ ಎಂಬ ಹಠ ಹಿಡಿದು ಅಲ್ಲೊಂದು ಇಲ್ಲೊಂದು ತೇಪೆ ಹಾಕಿಸಿಕೊಂಡವರು, ಆಮೇಲೆ ಮಾರಾಟಗಾರ ಕೈಕಟ್ಟಿ ಹಾಕಿದ ಎಂದು ದೂರುವುದರಲ್ಲಿ ಅರ್ಥವಿಲ್ಲ. ವಿಶೇಷ ಅಂಕಣ (ದಾಖಲೆಯಲ್ಲಿ ಒಂದು ಮಾಹಿತಿ ತುಂಬುವ ಜಾಗ) ಕೇಳುವ ಮೊದಲು ಅದಿಲ್ಲದೆ ಕೆಲಸ ನಿಲ್ಲುತ್ತದೆಯೇ ಎಂದು ನಿಮ್ಮವರನ್ನೇ ಕೇಳಿ.

ಹಂತ 4: ಟೆಂಡರಿನಲ್ಲಿ ಅಳೆಯಬಹುದಾದದ್ದನ್ನು ಬರೆಯಿರಿ

‘ತಂತ್ರಾಂಶವು ಮುಕ್ತ ಮಾನದಂಡಗಳಿಗೆ ಅನುಗುಣವಾಗಿರತಕ್ಕದ್ದು.’ ಈ ಸಾಲು ಅಸಂಖ್ಯ ಟೆಂಡರುಗಳಲ್ಲಿದೆ, ಇದಕ್ಕೆ ಎಲ್ಲರೂ ‘ಹೌದು’ ಎಂದು ಗುರುತು ಹಾಕುತ್ತಾರೆ. ಹೌದು ಎನ್ನಲು ಏನೂ ಖರ್ಚಿಲ್ಲದ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಅದರ ಬದಲು ಹೀಗೆ ಬರೆಯಬಹುದು:

‘ಗ್ರಾಹಕ ಸಂಸ್ಥೆ ಕೊಡುವ ಪರೀಕ್ಷಾ ದತ್ತಾಂಶದಲ್ಲಿರುವ ಎಲ್ಲ ಆರ್ಡರ್‌ಗಳನ್ನು ತಂತ್ರಾಂಶವು ಯುಬಿಎಲ್ 2.1 ರೂಪದಲ್ಲಿ ಸ್ವೀಕರಿಸಬೇಕು, ಅದೇ ರೂಪದಲ್ಲಿ ಹೊರಗೆ ಕೊಡಬೇಕು. ಒಳಹೋದ ಮತ್ತು ಹೊರಬಂದ ಕಡತಗಳಲ್ಲಿ ಅನುಬಂಧದಲ್ಲಿ ಪಟ್ಟಿ ಮಾಡಿರುವ ಅಂಕಣಗಳ ಮೌಲ್ಯ ಒಂದೇ ಆಗಿರಬೇಕು. ಈ ಪರೀಕ್ಷೆ ತೇರ್ಗಡೆಯಾಗುವವರೆಗೆ ಮೂರನೇ ಕಂತು ಪಾವತಿಯಾಗುವುದಿಲ್ಲ.’

ಕೊನೆಯ ವಾಕ್ಯವಿಲ್ಲದೆ ಮೊದಲಿನವು ಬರೀ ಆಶಯ. ಹಣದ ಕಂತನ್ನು ಪರೀಕ್ಷೆಗೆ ಕಟ್ಟಿದ ಮರುಕ್ಷಣವೇ ಮಾರಾಟಗಾರರ ಕಡೆಯಿಂದ ಬರುವ ಪ್ರಶ್ನೆಗಳ ಗುಣಮಟ್ಟ ಬದಲಾಗುತ್ತದೆ. ಅಲ್ಲಿಯವರೆಗೆ ಮಾರಾಟ ಪ್ರತಿನಿಧಿ ಬರುತ್ತಿದ್ದ ಸಭೆಗೆ ಎಂಜಿನಿಯರ್ ಬರಲಾರಂಭಿಸುತ್ತಾರೆ.

ಒಪ್ಪಂದದಲ್ಲಿ ಬಿಡಬಾರದ ಇನ್ನೂ ಕೆಲವು ವಿಷಯಗಳಿವೆ. ದತ್ತಾಂಶ ಪೂರ್ತಿ ಹೊರತೆಗೆಯುವ ಹಕ್ಕು: ದಾಖಲೆಗಳಷ್ಟೇ ಅಲ್ಲ, ಲಗತ್ತುಗಳು, ಬದಲಾವಣೆಯ ಇತಿಹಾಸ, ಯಾರಿಗೆ ಯಾವ ಅನುಮತಿ ಎಂಬ ಪಟ್ಟಿ, ಜೊತೆಗೆ ಅಂಕಣಗಳ ಅರ್ಥ ವಿವರಿಸುವ ದಾಖಲೆ. ಎಪಿಐ ಬಳಕೆಯ ಮಿತಿ ಮತ್ತು ಬೆಲೆ: ನಿಮಿಷಕ್ಕೆ ಎಷ್ಟು ಕರೆ, ಮೀರಿದರೆ ಏನು, ಮುಂದಿನ ವರ್ಷ ದರ ಏರಿಸಬಹುದೇ. ಉಚಿತ ಎಪಿಐ ಎಂದು ಕೊಂಡು, ಮೂರು ವ್ಯವಸ್ಥೆಗಳನ್ನು ಅದಕ್ಕೆ ಜೋಡಿಸಿದ ಮೇಲೆ ಶುಲ್ಕದ ಪತ್ರ ಬಂದರೆ ನಿಮ್ಮ ಜುಟ್ಟು ಅವರ ಕೈಯಲ್ಲಿರುತ್ತದೆ. ಮೂರನೇ ಕಂಪನಿಯ ಎಂಜಿನಿಯರ್‌ಗಳು ನಿಮ್ಮ ಪರವಾಗಿ ಎಪಿಐ ಬಳಸುವ ಅನುಮತಿಯೂ ಬರಹದಲ್ಲಿರಲಿ. ಕೆಲವು ಪರವಾನಗಿಗಳು ಅದನ್ನು ಸದ್ದಿಲ್ಲದೆ ನಿಷೇಧಿಸಿರುತ್ತವೆ. ಹಳೆಯ ಆವೃತ್ತಿ ನಿಲ್ಲಿಸುವ ಮುನ್ನ ಎಷ್ಟು ತಿಂಗಳ ಸೂಚನೆ ಕೊಡಬೇಕು ಎಂಬುದೂ ಅಷ್ಟೇ ಮುಖ್ಯ.

ಕಾನೂನು ಈಗ ಗ್ರಾಹಕರ ಕಡೆಗೆ ಸ್ವಲ್ಪ ವಾಲಿದೆ. ಯುರೋಪಿಯನ್ ಒಕ್ಕೂಟದ ದತ್ತಾಂಶ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಕ್ಲೌಡ್ ಸೇವೆಯೊಂದರಿಂದ ಇನ್ನೊಂದಕ್ಕೆ ಹೋಗುವ ಗ್ರಾಹಕರಿಗೆ ಅಡ್ಡಿಪಡಿಸಬಾರದೆನ್ನುವ ಆ ಕಾಯ್ದೆ, 2027ರ ಜನವರಿ 12ರಿಂದ ಹಾಗೆ ಬದಲಾಯಿಸುವುದಕ್ಕೆ ಶುಲ್ಕ ವಿಧಿಸುವುದನ್ನೇ ನಿಷೇಧಿಸುತ್ತದೆ. ಅಮೆರಿಕದಲ್ಲಿ 2016ರ 21ನೇ ಶತಮಾನದ ಕ್ಯೂರ್ಸ್ ಕಾಯ್ದೆ, ಆರೋಗ್ಯ ಮಾಹಿತಿಯ ಹರಿವನ್ನು ಉದ್ದೇಶಪೂರ್ವಕವಾಗಿ ತಡೆಯುವುದನ್ನು ನಿರ್ಬಂಧಿಸಿತು. ನೀವು ಆ ಕಾನೂನುಗಳ ವ್ಯಾಪ್ತಿಯ ಹೊರಗಿದ್ದರೂ, ನಿಮ್ಮ ಮಾರಾಟಗಾರ ಅಲ್ಲಿ ವ್ಯಾಪಾರ ಮಾಡುತ್ತಿದ್ದರೆ ಕೇಳಿ: ಅಲ್ಲಿನವರಿಗೆ ಕೊಡುವ ಸೌಲಭ್ಯ ನಮಗೇಕಿಲ್ಲ?

ಇದೆಲ್ಲ ಕೇಳುವ ಕಾಲ ಸಹಿ ಹಾಕುವ ಮುನ್ನ, ಇಲ್ಲವೇ ನವೀಕರಣದ ಹೊತ್ತಿನಲ್ಲಿ. ನಡುವಿನ ವರ್ಷಗಳಲ್ಲಿ ಕೇಳುವುದೆಲ್ಲ ವಿನಂತಿ.

ಹಂತ 5: ನಿಮ್ಮ ದತ್ತಾಂಶದಿಂದಲೇ ಪರೀಕ್ಷಿಸಿ

ಮಾರಾಟಗಾರರ ಪ್ರಾತ್ಯಕ್ಷಿಕೆಯಲ್ಲಿ ಗ್ರಾಹಕರ ಹೆಸರುಗಳೆಲ್ಲ ಚಿಕ್ಕವು, ವಿಳಾಸಗಳೆಲ್ಲ ಪೂರ್ಣ, ಒಂದು ಆರ್ಡರ್ ಕೂಡ ರದ್ದಾಗಿರುವುದಿಲ್ಲ. ನಿಮ್ಮ ದತ್ತಾಂಶ ಹಾಗಿಲ್ಲ. ಆದ್ದರಿಂದ ನಿಮ್ಮ ಅತಿ ತೊಡಕಿನ ದಾಖಲೆಗಳನ್ನೇ ಹೆಕ್ಕಿ, ವೈಯಕ್ತಿಕ ವಿವರಗಳನ್ನು ಬದಲಿಸಿ, ಒಂದು ಪರೀಕ್ಷಾ ಕಟ್ಟು ಮಾಡಿಟ್ಟುಕೊಳ್ಳಿ. ಅದರಲ್ಲಿ ಏನಿರಬೇಕು?

03/04/2025 ಎಂಬ ದಿನಾಂಕ: ಮಾರ್ಚ್ ನಾಲ್ಕೋ, ಏಪ್ರಿಲ್ ಮೂರೋ? ಸೊನ್ನೆಯಿಂದ ಶುರುವಾಗುವ ಸಂಕೇತ: 00417 ಎಂಬುದು ಎಕ್ಸೆಲ್‌ನಲ್ಲಿ ತೆರೆದ ಕೂಡಲೇ 417 ಆಗುತ್ತದೆ. ಉದ್ದನೆಯ ಖಾತೆ ಸಂಖ್ಯೆ: ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುವುದರಿಂದ, 18 ಅಂಕಿಯ ಸಂಖ್ಯೆಯ ಕೊನೆಯ ಮೂರು ಅಂಕಿಗಳು ಸೊನ್ನೆಯಾಗುತ್ತವೆ. ಎಪಿಐ ಬಳಸಿದರೂ ಪಾರಾಗುವಂತಿಲ್ಲ. ಜಾವಾಸ್ಕ್ರಿಪ್ಟ್ 9,00,71,99,25,47,40,991ಕ್ಕಿಂತ ದೊಡ್ಡ ಪೂರ್ಣಾಂಕಗಳನ್ನು ಸಾಮಾನ್ಯ ಸಂಖ್ಯೆಯಾಗಿ ನಿಖರವಾಗಿ ಹಿಡಿದಿಡಲಾರದು. ಗುರುತಿನ ಸಂಖ್ಯೆಗಳನ್ನು ಪಠ್ಯವಾಗಿಯೇ ಕಳಿಸಬೇಕೆಂದು ಷರತ್ತು ಹಾಕಿ. ಹಣದ ಮೊತ್ತವನ್ನು ಎರಡು ದಶಮಾಂಶಗಳಿಗೆ ಕಟ್ಟಿಹಾಕಿದ ತಂತ್ರಾಂಶ, ದಶಮಾಂಶವೇ ಇಲ್ಲದ ಜಪಾನಿನ ಯೆನ್ ಬಂದಾಗ, ಮೂರು ದಶಮಾಂಶವಿರುವ ಕುವೈತ್ ದಿನಾರ್ ಬಂದಾಗ ಏನು ಮಾಡುತ್ತದೆಂದು ನೋಡಿ. ಖಾಲಿ, ಸೊನ್ನೆ, ‘ಗೊತ್ತಿಲ್ಲ’ ಈ ಮೂರೂ ಬೇರೆಬೇರೆಯಾಗಿಯೇ ಉಳಿಯುತ್ತವೆಯೇ?

ಹೆಸರುಗಳನ್ನು ಮರೆಯಬೇಡಿ. ಕನ್ನಡದ ‘ೊ’ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೋಲಿಸುವ ಮುನ್ನ ಒಂದೇ ರೂಪಕ್ಕೆ ತರದ ತಂತ್ರಾಂಶಕ್ಕೆ ಮಾತ್ರ ಅವು ಇಬ್ಬರು ಬೇರೆ ವ್ಯಕ್ತಿಗಳು.

ಇಂಥ ಸಣ್ಣಪುಟ್ಟ ವಿಷಯಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎನ್ನುವವರಿಗೆ ಒಂದು ಮಾತು. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಮಾನವ ಜೀನ್‌ಗಳಿದ್ದವು. ಎಕ್ಸೆಲ್ ಅವನ್ನು ದಿನಾಂಕಗಳನ್ನಾಗಿ ಮಾಡಿ ಸಂಶೋಧನೆಯ ಪಟ್ಟಿಗಳನ್ನು ಕೆಡಿಸುತ್ತಲೇ ಇತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಜೀನ್‌ಗಳ ಹೆಸರನ್ನೇ ಬದಲಾಯಿಸಿತು. ಆ ತಾನಾಗಿ ಬದಲಾಗುವ ಗುಣವನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ನಲ್ಲಿ ಬಂದದ್ದು 2023ರಲ್ಲಿ.

ಪರೀಕ್ಷೆಯ ಮುಖ್ಯ ಭಾಗ ಹೋಗಿಬರುವ ಪರೀಕ್ಷೆ. ಒಂದು ದಾಖಲೆ ಒಳಗೆ ಹಾಕಿ, ಹೊರಗೆ ತೆಗೆದು, ಎರಡನೇ ತಂತ್ರಾಂಶಕ್ಕೆ ಕೊಟ್ಟು, ಅಲ್ಲಿಂದ ತೆಗೆದು ಮತ್ತೆ ಮೊದಲಿನದಕ್ಕೆ ಹಾಕಿ. ಏನಾದರೂ ಕಳೆದುಹೋಗಿದ್ದರೆ ಇಲ್ಲಿ ತಿಳಿಯುತ್ತದೆ. ಆಮೇಲೆ ಬೇಕೆಂದೇ ಕೆಡಿಸಿ. ಒಂದೇ ಆರ್ಡರ್ ಸಂದೇಶವನ್ನು ಎರಡು ಸಲ ಕಳಿಸಿ. ಎರಡು ಆರ್ಡರ್ ಆಗಬಾರದು. ರದ್ದತಿಯ ಸಂದೇಶ ಆರ್ಡರ್‌ಗಿಂತ ಮೊದಲೇ ತಲುಪುವಂತೆ ಮಾಡಿ. ಅರ್ಧದಲ್ಲಿ ಸಂಪರ್ಕ ಕಡಿಯಿರಿ. ಸರಿಯಾಗಿ ನಡೆದಾಗ ಎಲ್ಲ ತಂತ್ರಾಂಶಗಳೂ ಒಳ್ಳೆಯವೇ.

ಇವೆಲ್ಲಕ್ಕಿಂತ ಹೆಚ್ಚು ತಿಳಿಸಿಕೊಡುವ ಪರೀಕ್ಷೆ ಇನ್ನೊಂದಿದೆ, ಖರ್ಚೂ ಕಡಿಮೆ. ಮಾರಾಟಗಾರರಿಗೆ ಸಂಬಂಧವಿಲ್ಲದ ಒಬ್ಬ ಎಂಜಿನಿಯರ್‌ಗೆ ಅವರ ಎಪಿಐ ದಾಖಲೆಗಳನ್ನು ಮಾತ್ರ ಕೊಡಿ. ಫೋನ್ ಮಾಡುವಂತಿಲ್ಲ, ಇಮೇಲ್ ಬರೆಯುವಂತಿಲ್ಲ. ಅವರು ಒಂದು ಆರ್ಡರ್ ಸೇರಿಸಿ, ತಿದ್ದಿ, ಹೊರತೆಗೆಯಬೇಕು. ಆಗದಿದ್ದರೆ ಆ ಮಾನದಂಡ ಮಾರಾಟಗಾರರ ಎಂಜಿನಿಯರ್‌ಗಳ ತಲೆಯಲ್ಲಿದೆ, ಉತ್ಪನ್ನದಲ್ಲಿಲ್ಲ.

ಹಂತ 6: ಬರುವ ಉತ್ತರಗಳಿಗೆ ಸಿದ್ಧರಾಗಿರಿ

‘ಮುಂದಿನ ಆವೃತ್ತಿಯಲ್ಲಿ ಬರುತ್ತದೆ’ ಎಂದರೆ, ಯಾವ ತಿಂಗಳು ಎಂದು ಕೇಳಿ ಒಪ್ಪಂದದಲ್ಲಿ ಬರೆಸಿ. ಬರೆಸಲು ಒಪ್ಪದಿದ್ದರೆ ಅದು ಇಲ್ಲವೆಂದೇ ಲೆಕ್ಕ. ‘ನಮ್ಮ ಎಪಿಐ ಮುಕ್ತವಾಗಿದೆ’ ಎಂದರೆ, ಪರದೆಯ ಮೇಲೆ ಮಾಡಬಹುದಾದ ಯಾವ ಕೆಲಸಗಳು ಎಪಿಐಯಲ್ಲಿ ಸಾಧ್ಯವಿಲ್ಲ ಎಂಬ ಪಟ್ಟಿ ಕೇಳಿ. ಪಟ್ಟಿ ಇದ್ದೇ ಇರುತ್ತದೆ. ‘ಆ ತಂತ್ರಾಂಶಕ್ಕೆ ನಮ್ಮ ಬಳಿ ಕನೆಕ್ಟರ್ ಇದೆ’ ಎನ್ನುವುದು ಮಾನದಂಡದ ಬಗೆಗಿನ ಪ್ರಶ್ನೆಗೆ ಉತ್ತರವಲ್ಲ. ಕನೆಕ್ಟರ್ ಜೋಡಿಸುವುದು ಆ ಎರಡು ತಂತ್ರಾಂಶಗಳನ್ನು ಮಾತ್ರ. ನಾಳೆ ನೀವು ಆ ಇನ್ನೊಂದು ತಂತ್ರಾಂಶ ಬದಲಿಸಿದರೆ ಕನೆಕ್ಟರ್ ಮತ್ತೆ ಕೊಳ್ಳಬೇಕು. ಜೊತೆಗೆ ಅದನ್ನು ನೋಡಿಕೊಳ್ಳುವವರು ಇಬ್ಬರಲ್ಲಿ ಯಾರು ಎಂಬುದೂ ತೀರ್ಮಾನವಾಗಿರುವುದಿಲ್ಲ. ಕೆಟ್ಟಾಗ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ.

‘ಭದ್ರತೆಯ ಕಾರಣಕ್ಕೆ ಕೊಡುವುದಿಲ್ಲ’ ಎಂಬುದು ಕೆಲವೊಮ್ಮೆ ನಿಜ. ಯಾವ ಅಪಾಯ, ಯಾವ ಅಂಕಣಕ್ಕೆ ಎಂದು ಬರಹದಲ್ಲಿ ಕೇಳಿ, ನಿಮ್ಮ ಭದ್ರತಾ ತಂಡಕ್ಕೆ ತೋರಿಸಿ. ನಿಜವಾದ ಕಾರಣವಿರುವವರು ವಿವರವಾಗಿ ಬರೆಯುತ್ತಾರೆ.

ಮಾರಾಟಗಾರರ ಕಡೆಯೂ ನ್ಯಾಯವಿದೆ ಎನ್ನಬೇಕು. ಮಾನದಂಡ ಅಳವಡಿಸುವುದು ಖರ್ಚಿನ ಕೆಲಸ, ಎಲ್ಲರಿಗೂ ಸಲ್ಲುವಂತೆ ಮಾಡಿದ ಮಾನದಂಡದಲ್ಲಿ ಅವರ ಉತ್ಪನ್ನದ ವಿಶೇಷ ಗುಣಗಳಿಗೆ ಜಾಗವಿರುವುದಿಲ್ಲ. ಅದಕ್ಕಾಗಿ ಸ್ವಲ್ಪ ಹೆಚ್ಚು ಬೆಲೆ ಕೇಳಿದರೆ ಕೊಡುವುದು ತಪ್ಪಲ್ಲ. ಪರದೆಯಿಂದ ಪರದೆಗೆ ಟೈಪ್ ಮಾಡುವವನ ಸಂಬಳ ಗೊತ್ತಿದ್ದರೆ ಎಷ್ಟು ಕೊಡಬಹುದೆಂಬುದೂ ಗೊತ್ತಿರುತ್ತದೆ.

ಹಂತ 7: ಒಬ್ಬರೇ ತಳ್ಳಬೇಡಿ

ವಾಲ್‌ಮಾರ್ಟ್ 2002ರಲ್ಲಿ ತನ್ನ ಪೂರೈಕೆದಾರರು ಆರ್ಡರ್, ಇನ್‌ವಾಯ್ಸ್‌ಗಳನ್ನು ಇಂಟರ್‌ನೆಟ್ ಮೂಲಕ ಎಎಸ್2 ವಿಧಾನದಲ್ಲಿ ಕಳಿಸಬೇಕೆಂದಿತು. ಪೂರೈಕೆದಾರರು ಒಪ್ಪಿದರು, ಎಎಸ್2 ಚಿಲ್ಲರೆ ವ್ಯಾಪಾರದಲ್ಲೆಲ್ಲ ಹರಡಿತು. ಆನೆ ನಡೆದದ್ದೇ ದಾರಿ. ಆದರೆ ಹೆಚ್ಚಿನ ಸಂಸ್ಥೆಗಳು, ತಮ್ಮ ಊಹೆಯಲ್ಲಿ ಎಷ್ಟೇ ದೊಡ್ಡವಾಗಿರಲಿ, ಜಾಗತಿಕ ತಂತ್ರಾಂಶ ಕಂಪನಿಯ ಪಟ್ಟಿಯಲ್ಲಿ ಒಂದು ಸಾಲು ಮಾತ್ರ.

ಹಾಗಾಗಿ ಜೊತೆ ಬೇಕು. ಇದರ ಅತ್ಯುತ್ತಮ ಉದಾಹರಣೆ ಬಾರ್‌ಕೋಡ್. ಅಮೆರಿಕದ ದಿನಸಿ ಉದ್ಯಮದ ತಯಾರಕರು ಮತ್ತು ಅಂಗಡಿ ಸರಣಿಗಳು ಸೇರಿ ಸಮಿತಿ ಮಾಡಿಕೊಂಡು, ಮೊದಲು ಸರಕಿನ ಸಂಖ್ಯೆ ಹೇಗಿರಬೇಕೆಂದು ತಾವೇ ಒಪ್ಪಿಕೊಂಡರು. ಗೆರೆಗಳ ಚಿಹ್ನೆಯನ್ನು ಮಾತ್ರ ತಂತ್ರಜ್ಞಾನ ಕಂಪನಿಗಳಿಂದ ಆಹ್ವಾನಿಸಿದರು. 1973ರ ಏಪ್ರಿಲ್ 3ರಂದು ಐಬಿಎಂ ವಿನ್ಯಾಸವನ್ನು ಆಧರಿಸಿದ ಚಿಹ್ನೆ ಆಯ್ಕೆಯಾಯಿತು. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ ಮೊದಲ ಸರಕು, ಒಂದು ಚ್ಯೂಯಿಂಗ್ ಗಮ್ ಪೊಟ್ಟಣ, ಸ್ಕ್ಯಾನರ್ ದಾಟಿತು. ಗ್ರಾಹಕರು ಅರ್ಥವನ್ನು ತಮ್ಮ ಕೈಯಲ್ಲಿಟ್ಟುಕೊಂಡು ಯಂತ್ರವನ್ನು ಪೈಪೋಟಿಗೆ ಬಿಟ್ಟರು. ಈ ಕ್ರಮ ನೆನಪಿಡುವಂಥದ್ದು.

ನೀವು ಮಾಡಬಹುದಾದದ್ದು: ಅದೇ ತಂತ್ರಾಂಶ ಬಳಸುವ ಇತರ ಸಂಸ್ಥೆಗಳ ಬಳಕೆದಾರರ ಗುಂಪಿಗೆ ಸೇರಿ, ಐದಾರು ಸಂಸ್ಥೆಗಳು ಒಂದೇ ಬರಹದ ಬೇಡಿಕೆಯನ್ನು, ಒಂದೇ ಪರೀಕ್ಷಾ ಕಟ್ಟನ್ನು ಮುಂದಿಡಿ. ಒಂದೇ ಪ್ರಶ್ನೆ ಆರು ಟೆಂಡರುಗಳಲ್ಲಿ ಬಂದರೆ ಅದು ಉತ್ಪನ್ನದ ಯೋಜನೆಗೆ ಸೇರುತ್ತದೆ. ಮಾನದಂಡ ರೂಪಿಸುವ ಸಂಸ್ಥೆಗಳ ಸಭೆಗಳಲ್ಲಿ ಮಾರಾಟಗಾರರ ಪ್ರತಿನಿಧಿಗಳೇ ತುಂಬಿರುವುದು ಸಾಮಾನ್ಯ. ಅಲ್ಲಿ ಗ್ರಾಹಕರ ಕಡೆಯ ಒಬ್ಬರು ಕುಳಿತರೂ ಮಾತಿಗೆ ತೂಕವಿರುತ್ತದೆ. ಕಳಿಸುವಾಗ ತಾಂತ್ರಿಕ ಸಿಬ್ಬಂದಿಯ ಜೊತೆಗೆ ಗೋದಾಮು ಅಥವಾ ಲೆಕ್ಕಪತ್ರ ನಡೆಸಿದವರನ್ನೂ ಕಳಿಸಿ. ‘ಭಾಗಶಃ ರವಾನೆ’ ಎಂದರೇನೆಂದು ಹೇಳಬಲ್ಲವರು ಅವರು. ಒಂದು ಎಚ್ಚರಿಕೆ: ಸ್ಪರ್ಧಿ ಸಂಸ್ಥೆಗಳು ಒಂದೆಡೆ ಕೂತಾಗ ಬೆಲೆ, ರಿಯಾಯಿತಿಗಳ ಮಾತು ಬರಕೂಡದು. ಸ್ಪರ್ಧಾ ಕಾನೂನಿಗೆ ಸಿಕ್ಕಿಬೀಳುತ್ತೀರಿ. ಸಭೆಯ ವಿಷಯಪಟ್ಟಿಯನ್ನು ಮೊದಲೇ ವಕೀಲರಿಗೆ ತೋರಿಸಿ.

ಹಂತ 8: ಚಾಲನೆಗೆ ಬಂದ ಮೇಲೆ

ಪ್ರತಿ ದಾಟಿಗೂ ಹೆಸರಿಟ್ಟು ಒಬ್ಬ ಹೊಣೆಗಾರರಿರಲಿ, ಸಂದೇಶಗಳ ಸಂಖ್ಯೆ ದಿಢೀರ್ ಇಳಿದರೆ ಅವರಿಗೆ ಎಚ್ಚರಿಕೆ ಹೋಗಲಿ. ಪರೀಕ್ಷಾ ಕಟ್ಟನ್ನು ಕಪಾಟಿನಲ್ಲಿಡಬೇಡಿ: ಯಾವ ತಂತ್ರಾಂಶದ ಹೊಸ ಆವೃತ್ತಿ ಬಂದರೂ ಅದು ಮತ್ತೆ ಓಡಬೇಕು, ಹೊಸದಾಗಿ ಕಂಡ ತೊಡಕಿನ ದಾಖಲೆ ಅದಕ್ಕೆ ಸೇರಬೇಕು.

ವರ್ಷಕ್ಕೊಮ್ಮೆ ಪೂರ್ತಿ ದತ್ತಾಂಶವನ್ನು ಹೊರತೆಗೆದು, ಆ ಮಾರಾಟಗಾರರ ತಂತ್ರಾಂಶವೇ ಇಲ್ಲದ ಕಂಪ್ಯೂಟರಿನ ಖಾಲಿ ಡೇಟಾಬೇಸಿಗೆ ಹಾಕಿ ನೋಡಿ. ಹಳೆಯ ಆರ್ಡರ್ ಒಂದನ್ನು ಅದರ ಲಗತ್ತು ಮತ್ತು ಇತಿಹಾಸದ ಸಮೇತ ಅಲ್ಲಿ ಹುಡುಕಿ. ಸಿಗದೆ ಹೋದ ಪ್ರತಿಯೊಂದನ್ನೂ ಪಟ್ಟಿ ಮಾಡಿ, ಒಪ್ಪಂದ ನವೀಕರಣದ ದಿನಾಂಕಕ್ಕೆ ಆರು ತಿಂಗಳಿರುವಾಗ ಮಾರಾಟಗಾರರಿಗೆ ಕಳಿಸಿ.